ಅಮೆರಿಕದ ಇಮಿಗ್ರೆಂಟ್ ವೀಸಾ ಸಂದರ್ಶನ: ಫೈಲ್ ಜೋಡಿಸುವುದರಿಂದ ಕಿಟಕಿಯ ಮುಂದೆ ನಿಲ್ಲುವವರೆಗೆ

ಅಮ್ಮನ ಸಂದರ್ಶನದ ಹಿಂದಿನ ರಾತ್ರಿ ನಾವಿಬ್ಬರೂ ಊಟದ ಮೇಜಿನ ಮೇಲೆ ಕಾಗದಗಳನ್ನೆಲ್ಲ ಹರಡಿಕೊಂಡು ಕೂತಿದ್ದೆವು. ಅಣ್ಣ ಅಮೆರಿಕದ ಪ್ರಜೆ. ಅಮ್ಮ ಅಲ್ಲಿಗೆ ಹೋಗಿ ನೆಲೆಸಲಿ ಅಂತ ಅರ್ಜಿ ಹಾಕಿದ್ದು ಅವನು, ಡಿಎಸ್-260 ಅನ್ನುವ ಇಮಿಗ್ರೆಂಟ್ ವೀಸಾದ ಆನ್‌ಲೈನ್ ಫಾರ್ಮ್ ತುಂಬಿದ್ದೂ ಅವನೇ. ನಾನು ಫಾರ್ಮ್ ನೋಡಿಕೊಂಡು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದೆ. "ಎಷ್ಟು ಜನ ಮಕ್ಕಳು?" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ನಾಲ್ಕು" ಅಂದಳು. ಫಾರ್ಮಿನಲ್ಲಿ ಮೂರು ಅಂತಿತ್ತು. ಹುಟ್ಟಿ ಹನ್ನೊಂದು ದಿನಕ್ಕೆ ತೀರಿಹೋದ ಮಗುವನ್ನು ಅಣ್ಣ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಮ್ಮ ಹಿಡಿದಿದ್ದಳು.

ಆ ರಾತ್ರಿ ಫಾರ್ಮ್ ಓದದೇ ಹೋಗಿದ್ದರೆ, ಮಾರನೇ ದಿನ ಅಧಿಕಾರಿಯ ಮುಂದೆ ಅಮ್ಮನ ಬಾಯಲ್ಲಿ ಒಂದು ಲೆಕ್ಕ, ಕಾಗದದಲ್ಲಿ ಇನ್ನೊಂದು ಲೆಕ್ಕ ಇರುತ್ತಿತ್ತು. ಈ ಸಂದರ್ಶನ ನಿಮ್ಮ ಇಂಗ್ಲಿಷಿನ ಪರೀಕ್ಷೆ ಅಲ್ಲ, ಜಾಣತನದ ಪರೀಕ್ಷೆಯೂ ಅಲ್ಲ. ನಿಮ್ಮ ಫೈಲ್ ಹೇಳುವುದೂ ನೀವು ಹೇಳುವುದೂ ಒಂದೇನಾ ಅಂತ ನೋಡುವುದೇ ಅಲ್ಲಿನ ಮುಖ್ಯ ಕೆಲಸ. ಹಾಗಾಗಿ ತಯಾರಿಯ ಮುಕ್ಕಾಲು ಪಾಲು ನಿಮ್ಮದೇ ಫೈಲನ್ನು ನೀವು ಓದುವುದು.

ಟೂರಿಸ್ಟ್ ವೀಸಾ ಸಂದರ್ಶನದ ಹಾಗಲ್ಲ

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಟೂರಿಸ್ಟ್ ಅಥವಾ ಸ್ಟೂಡೆಂಟ್ ವೀಸಾಗೆ ಹೋದವರು ಹೇಳುವ ಸಲಹೆಯನ್ನೇ ಎಷ್ಟೋ ಜನ ಇಲ್ಲಿಗೂ ತಂದುಕೊಳ್ಳುತ್ತಾರೆ. "ವಾಪಸ್ ಬರ್ತೀನಿ ಅಂತ ಹೇಳು, ಆಸ್ತಿ ಪತ್ರ ತೋರಿಸು" ಅಂತ. ಆ ವೀಸಾಗಳಲ್ಲಿ 214(ಬಿ) ಅನ್ನುವ ಕಲಮು ಇದೆ. ನೀವು ಅಲ್ಲೇ ಉಳಿಯಲು ಬಂದವರು ಅಂತ ಮೊದಲೇ ಅಂದುಕೊಂಡು, ಅಲ್ಲ ಅಂತ ತೋರಿಸುವ ಭಾರವನ್ನು ನಿಮ್ಮ ಮೇಲೆ ಹಾಕುತ್ತದೆ. ಇಮಿಗ್ರೆಂಟ್ ವೀಸಾಗೆ ಅದು ಅನ್ವಯ ಆಗುವುದಿಲ್ಲ. ನೀವು ಅಲ್ಲಿ ನೆಲೆಸಲಿಕ್ಕೇ ಹೋಗುತ್ತಿದ್ದೀರಿ, ಅದನ್ನು ಮುಚ್ಚಿಡಬೇಕಿಲ್ಲ. "ಅಲ್ಲಿಗೆ ಹೋಗಿ ಏನು ಮಾಡ್ತೀರಿ?" ಅಂದರೆ "ಮಗನ ಜೊತೆ ಇರ್ತೀನಿ" ಅಂತ ನೇರವಾಗಿ ಹೇಳಿ.

ಇಲ್ಲಿ ಅಧಿಕಾರಿ ನೋಡುವುದು ಮುಖ್ಯವಾಗಿ ಮೂರು. ಅರ್ಜಿ ಹಾಕಿದವರಿಗೂ ನಿಮಗೂ ಇರುವ ಸಂಬಂಧ ನಿಜವೇ? ಅಲ್ಲಿ ನಿಮ್ಮ ಖರ್ಚಿಗೆ ದಾರಿ ಇದೆಯೇ? ಆರೋಗ್ಯ, ಅಪರಾಧ, ಹಳೆಯ ವೀಸಾ ಉಲ್ಲಂಘನೆ, ಇಂಥ ಯಾವುದಾದರೂ ಅಡ್ಡಿ ಇದೆಯೇ? ಕೇಳುವ ಪ್ರಶ್ನೆಗಳೆಲ್ಲ ಈ ಮೂರರಲ್ಲಿ ಒಂದಕ್ಕೆ ಸೇರುತ್ತವೆ.

ದಿನಾಂಕ ಸಿಗುವ ಮೊದಲು

ನಿಮಗಾಗಿ ಅಮೆರಿಕದಲ್ಲಿರುವವರು ಹಾಕಿದ ಐ-130 (ಕುಟುಂಬದ ವರ್ಗ) ಅಥವಾ ಐ-140 (ಉದ್ಯೋಗದ ವರ್ಗ) ಅರ್ಜಿಗೆ ಒಪ್ಪಿಗೆ ಸಿಕ್ಕ ಮೇಲೆ ಕೇಸು ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿರುವ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಎಲ್ಲರೂ ಅದನ್ನು ಎನ್‌ವಿಸಿ ಅಂತಲೇ ಕರೆಯುತ್ತಾರೆ. ಅಲ್ಲಿ ಶುಲ್ಕ ಕಟ್ಟಬೇಕು. ಕುಟುಂಬದ ವರ್ಗಕ್ಕೆ ಒಬ್ಬರಿಗೆ 325 ಡಾಲರ್, ಉದ್ಯೋಗದ ವರ್ಗಕ್ಕೆ 345. ಆರ್ಥಿಕ ಬೆಂಬಲದ ಫಾರ್ಮ್ ಪರಿಶೀಲನೆಗೆ ಬೇರೆ 120. ಆಮೇಲೆ ಡಿಎಸ್-260 ತುಂಬಿ, ದಾಖಲೆಗಳನ್ನು ಸೀಯಾಕ್ (CEAC) ಅನ್ನುವ, ಅಮೆರಿಕದ ವಿದೇಶಾಂಗ ಇಲಾಖೆಯ ಆನ್‌ಲೈನ್ ಪೋರ್ಟಲ್‌ಗೆ ಹಾಕಬೇಕು. ಎಲ್ಲ ಸರಿ ಇದ್ದರೆ "ಡಾಕ್ಯುಮೆಂಟರಿಲಿ ಕ್ವಾಲಿಫೈಡ್", ಅಂದರೆ ಕಾಗದಗಳೆಲ್ಲ ಪೂರ್ತಿ ಇವೆ ಅಂತ ಸಂದೇಶ ಬರುತ್ತದೆ.

ಈ ಸಂದೇಶ ಬಂದ ಕೂಡಲೇ ದಿನಾಂಕ ಸಿಗುತ್ತದೆ ಅಂದುಕೊಳ್ಳಬೇಡಿ. ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿ, ತಂದೆ ತಾಯಿ, 21 ದಾಟದ ಅವಿವಾಹಿತ ಮಕ್ಕಳು, ಇವರಿಗೆ ವರ್ಷಕ್ಕೆ ಇಷ್ಟೇ ವೀಸಾ ಅನ್ನುವ ಮಿತಿ ಇಲ್ಲ. ಎಂಬಸಿಯಲ್ಲಿ ಜಾಗ ಖಾಲಿ ಆದರೆ ಸಾಕು. ಉಳಿದವರು, ಅಂದರೆ ಅಣ್ಣ ತಮ್ಮ ಅಕ್ಕ ತಂಗಿಯರು, ಮದುವೆಯಾದ ಮಕ್ಕಳು, ಉದ್ಯೋಗದ ವರ್ಗದವರು ತಿಂಗಳು ತಿಂಗಳು ಬರುವ ವೀಸಾ ಬುಲೆಟಿನ್ ನೋಡುತ್ತಿರಬೇಕು. ಅದರ "ಫೈನಲ್ ಆಕ್ಷನ್" ಪಟ್ಟಿಯಲ್ಲಿರುವ ದಿನಾಂಕಕ್ಕಿಂತ ನಿಮ್ಮ ಪ್ರಯಾರಿಟಿ ಡೇಟ್ (ಸರದಿಯಲ್ಲಿ ನಿಮ್ಮ ಜಾಗ ಗೊತ್ತು ಮಾಡುವ ದಿನಾಂಕ) ಹಿಂದಿನದಾಗಿದ್ದರೆ ನಿಮ್ಮ ಸರದಿ ಬಂತು ಅಂತ.

ಜೊತೆಗೆ ಬರುವ ಮಕ್ಕಳು 21ರ ಹತ್ತಿರ ಇದ್ದರೆ ಈಗಲೇ ಎಚ್ಚರ ಆಗಿ. 21 ತುಂಬಿದರೆ ಅವರು ಮಕ್ಕಳ ಲೆಕ್ಕದಿಂದ ಹೊರಬೀಳಬಹುದು. ಇದರಿಂದ ಕಾಯಲು ಇರುವ 2002ರ ಸಿಎಸ್‌ಪಿಎ ಕಾನೂನು ಕೆಲವರ ವಯಸ್ಸಿನ ಲೆಕ್ಕದಲ್ಲಿ, ಅರ್ಜಿ ಪರಿಶೀಲನೆಯಲ್ಲಿದ್ದ ದಿನಗಳನ್ನು ಕಳೆಯುತ್ತದೆ. ಆ ಲೆಕ್ಕ ಸುಲಭ ಅಲ್ಲ. ವಕೀಲರ ಹತ್ತಿರ ಒಮ್ಮೆ ಹಾಕಿಸಿ ಕಾಗದದಲ್ಲಿ ಬರೆಸಿಟ್ಟುಕೊಳ್ಳಿ.

ಪತ್ರ ಬಂದ ದಿನ ಮಾಡಬೇಕಾದ ಕೆಲಸ

ಅಪಾಯಿಂಟ್‌ಮೆಂಟ್ ಪತ್ರ ಇಮೇಲಿಗೆ ಬರುತ್ತದೆ. ಅವತ್ತೇ ನಿಮ್ಮ ಎಂಬಸಿಯ ಸೂಚನೆಗಳ ಪುಟ ತೆಗೆದು ಪೂರ್ತಿ ಓದಿ. ಎಂಬಸಿಯಿಂದ ಎಂಬಸಿಗೆ ನಿಯಮ ಬೇರೆ. ಪಾಸ್‌ಪೋರ್ಟ್ ವಾಪಸ್ ಬರಬೇಕಾದ ವಿಳಾಸವನ್ನು ಕೆಲವು ಕಡೆ ಮೊದಲೇ ನೋಂದಾಯಿಸಬೇಕು, ಕೆಲವು ಕಡೆ ಬೆರಳಚ್ಚಿಗೆ ಬೇರೆ ದಿನ ಹೋಗಬೇಕು. ಬೇರೆ ದೇಶದಲ್ಲಿ ಸಂದರ್ಶನ ಮುಗಿಸಿದವರ ಅನುಭವ ಕೇಳಿ, ಆದರೆ ಅದನ್ನೇ ನಂಬಿ ಹೋಗಬೇಡಿ.

ಪತ್ರದಲ್ಲಿ ಜೊತೆಗೆ ಬರುವ ಎಲ್ಲರ ಹೆಸರೂ ಇದೆಯಾ ನೋಡಿ. ಹೆಸರಿರುವ ಪ್ರತಿಯೊಬ್ಬರೂ ಹೋಗಬೇಕು. ಅರ್ಜಿ ಹಾಕಿದವರು ಬರಲೇಬೇಕು ಅಂತ ಸಾಮಾನ್ಯವಾಗಿ ಇಲ್ಲ. ಪಾಸ್‌ಪೋರ್ಟಿಗೆ, ಅಮೆರಿಕಕ್ಕೆ ಹೋಗುವ ದಿನದಿಂದ ಮುಂದೆ ಕನಿಷ್ಠ ಆರು ತಿಂಗಳು ಅವಧಿ ಇರಬೇಕು. ಕಡಿಮೆ ಇದ್ದರೆ ಮೊದಲು ಅದನ್ನು ನವೀಕರಿಸಿ.

ವೈದ್ಯಕೀಯ ಪರೀಕ್ಷೆ

ನಿಮ್ಮ ಮನೆ ಡಾಕ್ಟರು ಎಷ್ಟೇ ದೊಡ್ಡವರಾಗಿದ್ದರೂ ಅವರ ವರದಿ ನಡೆಯುವುದಿಲ್ಲ. ಎಂಬಸಿ ಗುರುತಿಸಿದ ಪ್ಯಾನೆಲ್ ಫಿಸಿಶಿಯನ್ ಹತ್ತಿರವೇ ಹೋಗಬೇಕು. ಪಾಸ್‌ಪೋರ್ಟ್, ಅಪಾಯಿಂಟ್‌ಮೆಂಟ್ ಪತ್ರ, ಡಿಎಸ್-260ರ ದೃಢೀಕರಣ ಪುಟ, ಫೋಟೋ, ಲಸಿಕೆ ದಾಖಲೆ, ಹಳೆಯ ಕಾಯಿಲೆಯ ಕಾಗದಗಳು ಕೈಯಲ್ಲಿರಲಿ. 15 ವರ್ಷ ದಾಟಿದವರಿಗೆ ಎದೆಯ ಎಕ್ಸ್-ರೇ ತೆಗೆಯುತ್ತಾರೆ. ಲಸಿಕೆ ಹಾಕಿಸಿದ ದಾಖಲೆ ಇಲ್ಲದಿದ್ದರೆ ವಯಸ್ಸಿಗೆ ತಕ್ಕ ಲಸಿಕೆಗಳನ್ನು ಅಲ್ಲೇ ಹಾಕುತ್ತಾರೆ. ಮನೆಯಲ್ಲಿ ಹುಡುಕಿದರೆ ಹಳೆಯ ಲಸಿಕೆ ಕಾರ್ಡ್ ಸಿಕ್ಕೀತು, ಒಂದೆರಡು ಚುಚ್ಚು ತಪ್ಪುತ್ತದೆ.

ಕ್ಷಯ ರೋಗದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎಕ್ಸ್-ರೇಯಲ್ಲಿ ಹಳೆಯ ಗುರುತು ಕಂಡರೆ ಕಫದ ಪರೀಕ್ಷೆ ಮಾಡಿಸುತ್ತಾರೆ. ಆ ಕಲ್ಚರ್ ವರದಿ ಬರಲು ಎಂಟು ವಾರ ಬೇಕು. ಅವಸರ ಮಾಡಿದರೂ ಬ್ಯಾಕ್ಟೀರಿಯಾ ಬೆಳೆಯುವ ವೇಗ ಹೆಚ್ಚುವುದಿಲ್ಲ ಅಲ್ವಾ? ಮನೆಯಲ್ಲಿ ಯಾರಿಗಾದರೂ ಹಿಂದೆ ಟಿಬಿ ಬಂದು ಗುಣವಾಗಿದ್ದರೆ, ಚಿಕಿತ್ಸೆಯ ದಾಖಲೆ ಮತ್ತು ಹಳೆಯ ಎಕ್ಸ್-ರೇ ತೆಗೆದುಕೊಂಡು ಹೋಗಿ, ಆದಷ್ಟು ಬೇಗ ಪರೀಕ್ಷೆ ಮಾಡಿಸಿ. ಮುಚ್ಚಿಡಬೇಡಿ. ಎಕ್ಸ್-ರೇ ಹೇಳಿಬಿಡುತ್ತದೆ.

ಹಾಗಂತ ಬಾಕಿಯವರು ತೀರಾ ಬೇಗ ಹೋಗುವುದೂ ಸರಿಯಲ್ಲ. ವೀಸಾದ ಅವಧಿ ಹೆಚ್ಚೆಂದರೆ ಆರು ತಿಂಗಳು, ಮತ್ತು ವೈದ್ಯಕೀಯ ವರದಿಯ ಅವಧಿ ಮೊದಲೇ ಮುಗಿಯುವುದಾದರೆ ವೀಸಾ ಅಷ್ಟಕ್ಕೇ ನಿಲ್ಲುತ್ತದೆ. ವರದಿಯನ್ನು ಕೆಲವು ಕಡೆ ಡಾಕ್ಟರೇ ಎಂಬಸಿಗೆ ಕಳಿಸುತ್ತಾರೆ, ಕೆಲವು ಕಡೆ ಮುಚ್ಚಿದ ಲಕೋಟೆ ನಿಮ್ಮ ಕೈಗೆ ಕೊಡುತ್ತಾರೆ. ಆ ಲಕೋಟೆಯನ್ನು ಒಡೆಯಬೇಡಿ.

ಫೈಲಿನಲ್ಲಿ ಏನಿರಬೇಕು

ಪೋರ್ಟಲ್‌ನಲ್ಲಿ ಸ್ಕ್ಯಾನ್ ಹಾಕಿದ್ದೇವೆ ಅಂತ ಮೂಲ ದಾಖಲೆಗಳನ್ನು ಮನೆಯಲ್ಲಿ ಬಿಟ್ಟು ಬಂದು ಪೇಚಾಡಿದವರು ಬೇಕಾದಷ್ಟು ಜನ ಇದ್ದಾರೆ. ಸಂದರ್ಶನಕ್ಕೆ ಒರಿಜಿನಲ್ ಬೇಕು, ಅದರ ಜೊತೆ ಒಂದು ಜೆರಾಕ್ಸ್. ಜನನ ಪ್ರಮಾಣಪತ್ರ, ಮದುವೆಯದ್ದು, ಹಿಂದೆ ಮದುವೆ ಆಗಿದ್ದರೆ ವಿಚ್ಛೇದನದ ಆದೇಶ ಅಥವಾ ಮರಣ ಪತ್ರ, ಪೊಲೀಸ್ ಸರ್ಟಿಫಿಕೇಟ್, ಸೇನೆಯಲ್ಲಿದ್ದರೆ ಆ ದಾಖಲೆ. ಇಂಗ್ಲಿಷಿನಲ್ಲಾಗಲೀ ಸಂದರ್ಶನ ನಡೆಯುವ ದೇಶದ ಅಧಿಕೃತ ಭಾಷೆಯಲ್ಲಾಗಲೀ ಇಲ್ಲದ ಕಾಗದಕ್ಕೆ ದೃಢೀಕೃತ ಅನುವಾದ ಬೇಕು. ಯಾವ ದೇಶದ ಯಾವ ದಾಖಲೆಯನ್ನು ಒಪ್ಪುತ್ತಾರೆ, ಅದು ಸಿಗದಿದ್ದರೆ ಬದಲಿಗೆ ಏನು ಕೊಡಬೇಕು ಅನ್ನುವುದು ಅಮೆರಿಕದ ವಿದೇಶಾಂಗ ಇಲಾಖೆಯ ವೆಬ್‌ಸೈಟಿನ ರೆಸಿಪ್ರಾಸಿಟಿ ಪುಟದಲ್ಲಿ ದೇಶವಾರು ಇದೆ. ಹಳೆಯ ತಲೆಮಾರಿನವರ ಜನನ ಪತ್ರದ ತಲೆನೋವಿಗೆ ಉತ್ತರ ಅಲ್ಲೇ ಇರುತ್ತದೆ.

ಪೊಲೀಸ್ ಸರ್ಟಿಫಿಕೇಟ್ 16 ವರ್ಷ ದಾಟಿದ ಎಲ್ಲರಿಗೂ ಬೇಕು. ನಿಮ್ಮ ದೇಶದಲ್ಲಿ ಆರು ತಿಂಗಳಿಗಿಂತ ಜಾಸ್ತಿ ಇದ್ದಿದ್ದರೆ ಅಲ್ಲಿನದು. ಈಗ ಬೇರೆ ದೇಶದಲ್ಲಿ ಆರು ತಿಂಗಳಿಗಿಂತ ಜಾಸ್ತಿ ದಿನದಿಂದ ಇದ್ದರೆ ಅಲ್ಲಿನದೂ. 16 ದಾಟಿದ ಮೇಲೆ ಹಿಂದೆ ಯಾವ ದೇಶದಲ್ಲಾದರೂ ಒಂದು ವರ್ಷ ಅಥವಾ ಹೆಚ್ಚು ಇದ್ದಿದ್ದರೆ ಅದರದ್ದೂ ಬೇಕು. ಎಲ್ಲಾದರೂ ಬಂಧನ ಆಗಿದ್ದರೆ, ಎಷ್ಟು ದಿನ ಅಲ್ಲಿದ್ದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಅಲ್ಲಿನ ಸರ್ಟಿಫಿಕೇಟ್ ಬೇಕೇ ಬೇಕು. ಹತ್ತು ವರ್ಷದ ಹಿಂದೆ ಗಲ್ಫ್‌ನಲ್ಲಿ ಕೆಲಸ ಮಾಡಿದ್ದನ್ನು ಮರೆತು ಕೂತವರ ವೀಸಾ ಇದೊಂದೇ ಕಾಗದಕ್ಕೆ ತಿಂಗಳುಗಟ್ಟಲೆ ನಿಂತುಬಿಡಬಹುದು.

ಇನ್ನು ಐ-864, ಆರ್ಥಿಕ ಬೆಂಬಲದ ಫಾರ್ಮ್. ಕುಟುಂಬದ ವರ್ಗದವರ ಕೇಸು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಅರ್ಜಿ ಹಾಕಿದವರ ಆದಾಯ, ಅವರ ಮನೆಯ ಸದಸ್ಯರ ಸಂಖ್ಯೆಗೆ ಅಮೆರಿಕ ಸರ್ಕಾರ ಗೊತ್ತು ಮಾಡಿದ ಬಡತನ ರೇಖೆಯ 125 ಶೇಕಡ ಇರಬೇಕು. ಆ ಸಂಖ್ಯೆಯಲ್ಲಿ ಬರಲಿರುವ ನೀವೂ ಸೇರಿದ್ದೀರಿ. ರೇಖೆ ಪ್ರತಿ ವರ್ಷ ಬದಲಾಗುತ್ತದೆ, ಹೊಸ ಲೆಕ್ಕ ಐ-864ಪಿ ಅನ್ನುವ ಪುಟದಲ್ಲಿ ಸಿಗುತ್ತದೆ. ಆದಾಯ ಸಾಲದಿದ್ದರೆ ಅಮೆರಿಕದಲ್ಲಿರುವ ಇನ್ನೊಬ್ಬ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿದವರು ಜಾಯಿಂಟ್ ಸ್ಪಾನ್ಸರ್ ಆಗಬಹುದು. ಆಗಲೂ ಅರ್ಜಿ ಹಾಕಿದವರು ತಮ್ಮ ಐ-864 ಕೊಡಲೇಬೇಕು. ಅದು ಬಿಟ್ಟುಹೋಗುವುದು ತುಂಬಾ ಸಾಮಾನ್ಯ ತಪ್ಪು. ಎನ್‌ವಿಸಿಗೆ ಫಾರ್ಮ್ ಕೊಟ್ಟು ವರ್ಷ ಕಳೆದಿದ್ದರೆ ಅರ್ಜಿ ಹಾಕಿದವರ ಹೊಸ ತೆರಿಗೆ ವರ್ಷದ ಟ್ರಾನ್ಸ್‌ಕ್ರಿಪ್ಟ್ (ತೆರಿಗೆ ಇಲಾಖೆ ಕೊಡುವ ವಿವರದ ಪ್ರತಿ), ಇತ್ತೀಚಿನ ಸಂಬಳದ ಚೀಟಿ ತರಿಸಿ ಇಟ್ಟುಕೊಳ್ಳಿ.

ಗಂಡ ಹೆಂಡತಿಯ ಕೇಸಿನಲ್ಲಿ ಸಂಬಂಧದ ಪುರಾವೆ ಬೇರೆ ಬೇಕು. ಮದುವೆಯ ಆಲ್ಬಮ್ಮಿನ ಭಾರ ಹೊತ್ತುಕೊಂಡು ಹೋಗಬೇಡಿ. ಪರಿಚಯ ಆದಾಗಿನಿಂದ ಇವತ್ತಿನವರೆಗೆ ಬೇರೆ ಬೇರೆ ಸಮಯದ ಹದಿನೈದು ಇಪ್ಪತ್ತು ಫೋಟೋ ಸಾಕು, ಹಿಂದೆ ತಾರೀಖು ಮತ್ತು ಜೊತೆಗಿರುವವರು ಯಾರು ಅಂತ ಬರೆದಿರಲಿ. ಒಟ್ಟಿಗೆ ಓಡಾಡಿದ ಟಿಕೆಟ್ಟು, ಹಣ ಕಳಿಸಿದ ದಾಖಲೆ, ತಿಂಗಳಿಗೊಂದರಂತೆ ಆಯ್ದ ಮಾತುಕತೆಯ ಪುಟಗಳು. ಹಿಂದಿನ ಮದುವೆಗಳ ವಿಷಯ ಇಬ್ಬರಿಗೂ ತಾರೀಖಿನ ಸಮೇತ ಗೊತ್ತಿರಲಿ.

ಫೋಟೋ ಎರಡು ಇಂಚು ಎರಡು ಇಂಚು, ಆರು ತಿಂಗಳ ಒಳಗಿನದು, ಕನ್ನಡಕ ಇಲ್ಲದೆ. ಎರಡು ಪ್ರತಿ.

ಹಿಂದಿನ ರಾತ್ರಿ

ಡಿಎಸ್-260ರ ಪ್ರಿಂಟ್ ತೆಗೆದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ. ಬೇರೆಯವರು ತುಂಬಿದ್ದರಂತೂ ಓದಲೇಬೇಕು. ವಾಸ ಮಾಡಿದ ವಿಳಾಸಗಳು, ಕೆಲಸದ ತಾರೀಖುಗಳು, ಐದು ವರ್ಷದ ಸೋಶಿಯಲ್ ಮೀಡಿಯಾ ಖಾತೆಗಳು, ಹಿಂದೆ ಅಮೆರಿಕಕ್ಕೆ ಹೋಗಿದ್ದು, ವೀಸಾ ನಿರಾಕರಣೆ ಆಗಿದ್ದು. ತಪ್ಪು ಸಿಕ್ಕರೆ ಗಾಬರಿ ಬೇಡ. ದಿನ ಇದ್ದರೆ ಫಾರ್ಮನ್ನು ಮತ್ತೆ ತೆರೆದುಕೊಡಿ ಅಂತ ಬರೆದು ಕೇಳಬಹುದು. ದಿನ ಇಲ್ಲದಿದ್ದರೆ ಒಂದು ಹಾಳೆಯಲ್ಲಿ ತಪ್ಪು ಯಾವುದು, ಸರಿ ಯಾವುದು ಅಂತ ಬರೆದುಕೊಂಡು ಹೋಗಿ, ಅಧಿಕಾರಿಗೆ ನೀವೇ ಮೊದಲು ಹೇಳಿ. ಡಿಎಸ್-260ಕ್ಕೆ ಸಂದರ್ಶನದ ದಿನ ಅಧಿಕಾರಿಯ ಮುಂದೆ ಬೆರಳಚ್ಚಿನ ಮೂಲಕವೇ ಸಹಿ ಆಗುವುದು. ಅಲ್ಲಿಯವರೆಗೆ ತಿದ್ದುಪಡಿ ಹೇಳಲು ಅವಕಾಶ ಇದೆ.

ಹಳೆಯ ತೊಡಕು ಏನಾದರೂ ಇದ್ದರೆ, ಉದಾಹರಣೆಗೆ ಹಿಂದೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಅವಧಿ ಮೀರಿ ಉಳಿದಿದ್ದರೆ, ಸಂದರ್ಶನಕ್ಕೆ ಮುಂಚೆಯೇ ವಕೀಲರನ್ನು ನೋಡಿ. ಅಕ್ರಮವಾಗಿ 180 ದಿನಕ್ಕಿಂತ ಜಾಸ್ತಿ ಉಳಿದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದವರಿಗೆ ಹತ್ತು ವರ್ಷ ತಡೆ ಇದೆ. ಇದಕ್ಕೆ ವಿನಾಯಿತಿ ಕೇಳುವ ದಾರಿ ಉಂಟು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಬೀಳುವ ತಡೆಗೆ ವರ್ಷದ ಲೆಕ್ಕವೇ ಇಲ್ಲ, ಜೀವನಪೂರ್ತಿ. ಸುಳ್ಳು ಹೇಳಿಸುವ ಏಜೆಂಟರಿಂದ ದೂರ ಇರಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಆ ದಿನ

ಮೊಬೈಲ್, ಸ್ಮಾರ್ಟ್ ವಾಚ್, ಪೆನ್ ಡ್ರೈವ್, ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. ಎಂಬಸಿಯಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ ಇರುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಜೊತೆಗೆ ಬಂದವರ ಕೈಗೆ ಕೊಟ್ಟುಬಿಡಿ. ವಾಪಸ್ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ, ಯಾಕೆಂದರೆ ಹೊರಬಂದಾಗ ಫೋನ್ ಇರುವುದಿಲ್ಲ. ವಯಸ್ಸಾದವರ ಜೇಬಿನಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಇರಲಿ.

ಒಳಗೆ ಸಾಮಾನ್ಯವಾಗಿ ಎರಡು ಮೂರು ಕಿಟಕಿಗಳ ಓಡಾಟ. ಮೊದಲ ಕಿಟಕಿಯಲ್ಲಿ ಸಿಬ್ಬಂದಿ ಕಾಗದಗಳನ್ನು ತೆಗೆದುಕೊಳ್ಳುತ್ತಾರೆ. ಅವರು ಕೇಳಿದ್ದನ್ನು ಮಾತ್ರ, ಕೇಳಿದ ಕ್ರಮದಲ್ಲಿ ಕೊಡಿ. ಆಮೇಲೆ ಬೆರಳಚ್ಚು. ಅಮ್ಮನ ಬೆರಳು ಜೀವನವಿಡೀ ಪಾತ್ರೆ ತಿಕ್ಕಿ ಸವೆದಿದ್ದವು, ಯಂತ್ರ ಹಿಡಿಯಲೇ ಇಲ್ಲ. ಒರೆಸಿಕೊಂಡು, ಒತ್ತಿ, ಮೂರನೇ ಸಲಕ್ಕೆ ಬಂತಂತೆ. ನಿಮ್ಮ ಮನೆಯ ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ ಅಲ್ಲೇ ಅರ್ಧ ಧೈರ್ಯ ಹೋಗುತ್ತದೆ.

ಕೊನೆಯ ಕಿಟಕಿಯಲ್ಲಿ ಕಾನ್ಸುಲರ್ ಅಧಿಕಾರಿ. ನಡುವೆ ದಪ್ಪ ಗಾಜು, ಮಾತು ಸ್ಪೀಕರ್ ಮೂಲಕ. ಕುರ್ಚಿ ಇರಲಿಕ್ಕಿಲ್ಲ, ನಿಂತೇ ಮಾತಾಡಬೇಕಾಗಬಹುದು. ಮೊದಲು ಬಲಗೈ ಎತ್ತಿ, ಹೇಳುವುದೆಲ್ಲ ನಿಜ ಅಂತ ಪ್ರಮಾಣ ಮಾಡಿಸುತ್ತಾರೆ. ಅನುವಾದಕರ ವ್ಯವಸ್ಥೆ ಹೇಗೆ ಅಂತ ನಿಮ್ಮ ಎಂಬಸಿಯ ಪುಟದಲ್ಲಿ ನೋಡಿಕೊಂಡಿರಿ. ಇಂಗ್ಲಿಷ್ ಅರ್ಧಂಬರ್ಧ ಬಂದರೆ ನಿಮಗೆ ಚೆನ್ನಾಗಿ ಬರುವ ಭಾಷೆಯನ್ನೇ ಕೇಳಿ. ಅರ್ಥವಾಗದ ಪ್ರಶ್ನೆಗೆ "ಯೆಸ್" ಅಂದುಬಿಡುವುದಕ್ಕಿಂತ ಅದು ಎಷ್ಟೋ ವಾಸಿ.

ಪ್ರಶ್ನೆಗಳು ಸರಳ. ನಿಮಗೆ ಅರ್ಜಿ ಹಾಕಿದವರು ಯಾರು? ಅವರು ಎಲ್ಲಿದ್ದಾರೆ, ಏನು ಕೆಲಸ? ಕೊನೆಯ ಸಲ ಯಾವಾಗ ನೋಡಿದ್ದು? ಎಷ್ಟು ಜನ ಮಕ್ಕಳು? ಹಿಂದೆ ಅಮೆರಿಕಕ್ಕೆ ಹೋಗಿದ್ದೀರಾ? ದಂಪತಿಗಳಿಗಾದರೆ ಹೇಗೆ ಪರಿಚಯ, ಮದುವೆಗೆ ಯಾರು ಬಂದಿದ್ದರು, ಅತ್ತೆ ಮಾವನ ಹೆಸರು. ಉದ್ಯೋಗದವರಿಗೆ ಕಂಪನಿ, ಹುದ್ದೆ, ಸಂಬಳ, ಓದು. ಕೇಳಿದ್ದಕ್ಕೆ ಒಂದೆರಡು ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ನೆನಪಿಲ್ಲದಿದ್ದರೆ "ನೆನಪಿಲ್ಲ" ಅನ್ನಿ. ಊಹೆ ಮಾಡಿ ತಾರೀಖು ಹೇಳಬೇಡಿ. ಅಧಿಕಾರಿ ಟೈಪ್ ಮಾಡುತ್ತಾ ಸುಮ್ಮನಿದ್ದರೆ ಆ ಮೌನ ತುಂಬಲು ಹೋಗಬೇಡಿ.

ಅಮ್ಮ ಪ್ರಮಾಣ ಮುಗಿದ ಕೂಡಲೇ ನಾವು ಬರೆದಿಟ್ಟ ಹಾಳೆಯನ್ನು ಗಾಜಿನ ಕೆಳಗಿನಿಂದ ತಳ್ಳಿದಳಂತೆ. ಅಧಿಕಾರಿ ಓದಿ, ಮಗುವಿನ ಹೆಸರು ಕೇಳಿದರಂತೆ. ಹೆಸರಿಡುವ ಮೊದಲೇ ಹೋಯಿತು ಅಂದಳಂತೆ ಅಮ್ಮ. ಅವರು ಟೈಪ್ ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋದರಂತೆ. ಒಟ್ಟು ಆರೇಳು ನಿಮಿಷ.

ಫಲಿತಾಂಶ ಮತ್ತು ಬಣ್ಣದ ಚೀಟಿ

ಎಲ್ಲ ಸರಿ ಇದ್ದರೆ ಅಲ್ಲೇ ಹೇಳುತ್ತಾರೆ, ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರೆ. ಏನಾದರೂ ಬಾಕಿ ಇದ್ದರೆ 221(ಜಿ) ಅನ್ನುವ ಕಲಮಿನ ಹೆಸರು ಬರೆದ ಚೀಟಿ ಸಿಗುತ್ತದೆ. ಬೇಕಾದ ಕಾಗದ ಯಾವುದು, ಹೇಗೆ ಕಳಿಸಬೇಕು ಅಂತ ಅದರಲ್ಲೇ ಇರುತ್ತದೆ. ಕಿಟಕಿ ಬಿಡುವ ಮೊದಲು ಓದಿ, ಅರ್ಥವಾಗದಿದ್ದರೆ ಅಲ್ಲೇ ಕೇಳಿ. ಕೆಲವರ ಕೇಸು ಯಾವ ಕಾಗದವೂ ಬಾಕಿ ಇಲ್ಲದೆ ಅಡ್ಮಿನಿಸ್ಟ್ರೇಟಿವ್ ಪ್ರೊಸೆಸಿಂಗ್‌ಗೆ, ಅಂದರೆ ಹೆಚ್ಚಿನ ಪರಿಶೀಲನೆಗೆ ಹೋಗುತ್ತದೆ. ಆಗ ಆನ್‌ಲೈನ್‌ನಲ್ಲಿ ಸ್ಟೇಟಸ್ "ರೆಫ್ಯೂಸ್ಡ್" ಅಂತ ಕಾಣುತ್ತದೆ. ಎದೆ ಧಸಕ್ ಅನ್ನುತ್ತದೆ, ಆದರೆ ಕೇಸು ಮುಗಿಯಿತು ಅಂತ ಅದರರ್ಥ ಅಲ್ಲ. ಕೇಳಿದ ಕಾಗದ ಕೊಡಲು ಒಂದು ವರ್ಷ ಇದೆ. ಅಷ್ಟರಲ್ಲಿ ಕೊಡದಿದ್ದರೆ ಮಾತ್ರ ಮತ್ತೆ ಮೊದಲಿನಿಂದ ಶುಲ್ಕ ಕಟ್ಟಿ ಅರ್ಜಿ ಹಾಕಬೇಕಾಗಬಹುದು.

ವೀಸಾ ಕೈಗೆ ಬರುವವರೆಗೆ ಮನೆ ಮಾರಬೇಡಿ, ಕೆಲಸ ಬಿಡಬೇಡಿ, ವಾಪಸ್ ಆಗದ ಟಿಕೆಟ್ ಕೊಳ್ಳಬೇಡಿ. ಸಂದರ್ಶನದಲ್ಲಿ ಒಪ್ಪಿಗೆ ಸಿಕ್ಕಿದ ಮೇಲೂ ಇದು ಅನ್ವಯ.

ವೀಸಾ ಬಂದ ಮೇಲೆ

ಪಾಸ್‌ಪೋರ್ಟ್ ಬಂದ ಕೂಡಲೇ ಹೆಸರಿನ ಅಕ್ಷರ, ಹುಟ್ಟಿದ ದಿನ, ವೀಸಾ ಮುಗಿಯುವ ದಿನ ನೋಡಿ. ತಪ್ಪಿದ್ದರೆ ಅವತ್ತೇ ಎಂಬಸಿಗೆ ತಿಳಿಸಿ. ಮುಚ್ಚಿದ ಪ್ಯಾಕೆಟ್ ಕೊಟ್ಟಿದ್ದರೆ ಒಡೆಯದೆ ಕೈಚೀಲದಲ್ಲಿ ಒಯ್ಯಿರಿ. ಈಗ ಎಷ್ಟೋ ಕೇಸುಗಳಲ್ಲಿ ದಾಖಲೆ ಆನ್‌ಲೈನ್‌ನಲ್ಲೇ ಹೋಗುತ್ತದೆ, ಆಗ ವೀಸಾ ಮೇಲೆ ಹಾಗಂತ ಬರೆದಿರುತ್ತದೆ. ಹೊರಡುವ ಮೊದಲು ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಇಮಿಗ್ರೆಂಟ್ ಶುಲ್ಕ 235 ಡಾಲರ್ ಆನ್‌ಲೈನ್‌ನಲ್ಲಿ ಕಟ್ಟಿ. ಕಟ್ಟದಿದ್ದರೆ ಗ್ರೀನ್ ಕಾರ್ಡ್ ಮುದ್ರಣ ಆಗುವುದಿಲ್ಲ.

ಮುಖ್ಯ ಅರ್ಜಿದಾರರು ಕುಟುಂಬಕ್ಕಿಂತ ಮೊದಲು ಅಥವಾ ಜೊತೆಗೇ ಅಮೆರಿಕ ಪ್ರವೇಶಿಸಬೇಕು. ಅವಿವಾಹಿತ ಮಗ ಅಥವಾ ಮಗಳು ಅನ್ನುವ ವರ್ಗದಲ್ಲಿ ವೀಸಾ ಸಿಕ್ಕವರು ಅಲ್ಲಿ ಕಾಲಿಡುವ ಮೊದಲು ಮದುವೆ ಆದರೆ ಆ ವೀಸಾ ಕೆಲಸಕ್ಕೆ ಬರುವುದಿಲ್ಲ. ಹೊರಡುವ ಸಂಭ್ರಮದಲ್ಲಿ ಮದುವೆಯೂ ಆಗಿಹೋಗಲಿ ಅಂತ ಮನೆಯವರು ಅವಸರ ಮಾಡಿದರೆ ದಯವಿಟ್ಟು ತಡೆಯಿರಿ.

ವಿಮಾನ ನಿಲ್ದಾಣದಲ್ಲಿ ಮೊಹರು ಬಿದ್ದ ಆ ವೀಸಾ ಪುಟವೇ ಒಂದು ವರ್ಷ ನಿಮ್ಮ ಗ್ರೀನ್ ಕಾರ್ಡ್ ಇದ್ದ ಹಾಗೆ. ಅವತ್ತೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಪ್ರವೇಶದ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದ ದಂಪತಿಗಳಿಗೆ ಸಿಗುವ ಕಾರ್ಡು ಎರಡೇ ವರ್ಷದ್ದು. ಅದು ಮುಗಿಯುವ ಮುಂಚಿನ 90 ದಿನಗಳ ಒಳಗೆ, ಕಾರ್ಡಿನ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ಆ ತಾರೀಖನ್ನು ಕಾರ್ಡು ಕೈಗೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.